ಕ್ಯಾಲೆಂಡರಿನ ಬೆನ್ನಿಗೆ ಬರೆದ ಅಜ್ಜಿ

ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಲೇಬೇಕಿತ್ತು. ರಾಜಕುಮಾರ ಕುದುರೆ ಹತ್ತಿದ, ಹೂಂ. ಕಾಡು ಬಂತು, ಹೂಂ. ಹೂಂ ನಿಂತರೆ ರಾಜಕುಮಾರನೂ ಅಲ್ಲೇ ನಿಲ್ಲುತ್ತಿದ್ದ. ಕೇಳುವವಳಿಗೆ ನಿದ್ದೆ ಬಂದಿರಬೇಕು, ಇಲ್ಲವೇ ಹೇಳಿದ್ದು ತಿಳಿದಿರಲಿಕ್ಕಿಲ್ಲ. ಯಾವುದೇ ಆದರೂ ಒಬ್ಬಳೇ ಮುಂದೆ ಹೋಗಿ ಏನು ಮಾಡುವುದು ಎಂದು ಅಜ್ಜಿ ಸೆರಗು ಹೊದ್ದು ಮಲಗಿಬಿಡುತ್ತಿದ್ದಳು. ನನ್ನ ನಿದ್ದೆಯಿಂದಾಗಿ ಕಾಡಿನ ನಡುವೆ ಹಾಗೇ ನಿಂತುಹೋದ ರಾಜಕುಮಾರರು ಅದೆಷ್ಟೋ. ವಿಜಯನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಈಗಲೂ ಅವರನ್ನೆಲ್ಲ ನೆನೆಯುತ್ತೇನೆ, ಇಳಿಯುವ ಸ್ಟಾಪು ದಾಟಿಹೋಗುತ್ತದೆ.

ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದಳು. ಬೆಳೆಸಿದ್ದು ಅಪ್ಪನ ಅವ್ವ, ರಾಣೆಬೆನ್ನೂರಿನ ಶಿವಗಂಗಮ್ಮ. ಅಪ್ಪ ಚನ್ನವೀರೇಶ್ ವಿಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಾಗ ಅಜ್ಜಿ ಒಂದು ಟ್ರಂಕು, ಒಂದು ರೊಟ್ಟಿ ಹಂಚು ಮತ್ತು ಲೆಕ್ಕವಿಲ್ಲದಷ್ಟು ಕಥೆಗಳೊಂದಿಗೆ ಮಾರೇನಹಳ್ಳಿಯ ಈ ಮನೆಗೆ ಬಂದವಳು.

ಎರಡು ಸಾವಿರದ ಆರನೇ ಇಸವಿಯ ಯುಗಾದಿ ಕಳೆದ ಮೇಲೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು. ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಮೂರು ಉಳಿದವು: ಹೂಂ, ಬೇಡ, ಮತ್ತು 'ಒಂದೂರಾಗ'.

ಒಂದೂರಾಗ! ಪ್ರತಿ ಕಥೆಯನ್ನೂ ಅವಳು ಶುರುಮಾಡುತ್ತಿದ್ದ ಮಾತು. ಈಗ ಕಾಫಿ ಬೇಕಾದರೂ "ಒಂದೂರಾಗ", ಫ್ಯಾನು ಹಾಕು ಎನ್ನಬೇಕಾದರೂ "ಒಂದೂರಾಗ". ಸಿಟ್ಟು ಬಂದಾಗಲಂತೂ "ಒಂದೂರಾಗ, ಒಂದೂರಾಗ!" ಎಂದು ಗದರುತ್ತಿದ್ದಳು. ಊರು ಬರುತ್ತಿತ್ತು, ಊರೊಳಗೆ ಯಾರೂ ಬರುತ್ತಿರಲಿಲ್ಲ. ಅಕ್ಷರಗಳೂ ಹಾಗೇ. ಅಪ್ಪನ ಅಂಗಡಿಯ ಬೋರ್ಡನ್ನು ಓದಿ ತಪ್ಪು ಹುಡುಕಿದ್ದವಳು ಈಗ ಪೇಪರನ್ನು ಉಲ್ಟಾ ಕೊಟ್ಟರೆ ಸರಿಮಾಡಿ ಹಿಡಿಯುತ್ತಾಳೆ, ಆದರೆ ಓದಲಾರಳು.

ಇದರ ಮೇಲೆ ಕಣ್ಣಿಗೆ ಪೊರೆ. ಎಡಗಣ್ಣು ಎಂದೋ ಹೋಗಿತ್ತು, ಬಲಗಣ್ಣೂ ಮಂಜಾಗುತ್ತಾ ಬಂತು. ಬೆಳಿಗ್ಗೆ ಪೂಜೆಗೆ ಕೂತು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅದನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ತರುತ್ತಿದ್ದಳು. ಮೂಗಿಗೆ ತಾಗಿದಾಗ ಸೋತವಳಂತೆ ಕೈ ಇಳಿಸುತ್ತಿದ್ದಳು. ಮಾತು ಹೋದವಳಿಗೆ ಕಣ್ಣೇ ಮಾತು. ಅದೂ ಹೋದರೆ?

ರಾಜಾಜಿನಗರದ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ದಿನ ಗೊತ್ತಾಯಿತು. ಅಂದು ನನಗೆ ಕೆಲಸಕ್ಕೆ ರಜೆ ಸಿಗಲಿಲ್ಲ, ಅಪ್ಪನೊಬ್ಬನೇ ಕರೆದುಕೊಂಡು ಹೋದ. ಸಂಜೆ ನಾನು ಮನೆಗೆ ಬಂದರೆ ಅಜ್ಜಿಯ ಕಣ್ಣಿಗೆ ಪಟ್ಟಿಯೇ ಇಲ್ಲ. ಮಂಚದ ತುದಿಯಲ್ಲಿ ನೆಟ್ಟಗೆ ಕೂತಿದ್ದಾಳೆ. ಅಪ್ಪ ಗೋಡೆಯ ಕಡೆ ನೋಡುತ್ತಿದ್ದಾನೆ.

"ಟೇಬಲ್ ಮೇಲಿಂದ ಎದ್ದು ಬಂದ್ಬಿಟ್ಲು ಕಣೇ. ಬೇಡ ಬೇಡ ಅಂತ ಇಡೀ ಆಸ್ಪತ್ರೆ ಕೇಳೋ ಹಾಗೆ ಕೂಗಿದ್ಲು. ಡಾಕ್ಟರಮ್ಮ ಆಗಲ್ಲ ಅಂದ್ರು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸ್ತಾರಂತೆ, ಪೇಷಂಟ್‌ಗೆ ಎಚ್ಚರ ಇರುತ್ತಂತೆ. ನಡುವೆ ಅಲುಗಾಡಿದ್ರೆ ಇರೋ ಕಣ್ಣೂ ಹೋಗುತ್ತೆ ಅಂದ್ರು."

"ಪೂರ್ತಿ ಅನಸ್ತೇಷಿಯಾ ಕೊಡೋಕಾಗಲ್ವಾ?"

"ಸ್ಟ್ರೋಕ್ ಆಗಿ ಇಷ್ಟೇ ದಿನ ಆಗಿರೋದು, ಬೇಡ ಅಂದಿದಾರೆ. ತಿಳಿಸಿ ಹೇಳಿ, ಒಪ್ಪಿಸಿ, ಮುಂದಿನ ಗುರುವಾರ ಕರ್ಕೊಂಡು ಬನ್ನಿ ಅಂದ್ರು. ಯಾರಿಗೆ ತಿಳಿಸೋದು?" ಅಪ್ಪ ಅಜ್ಜಿಯ ಕಡೆ ತಿರುಗಿದ. ತಾಯಿಯ ಜೊತೆ ಮಾತಾಡುವಾಗ ಅವನ ಬಾಯಿಗೆ ತಾನಾಗಿಯೇ ರಾಣೆಬೆನ್ನೂರು ಬರುತ್ತದೆ. "ಸುಮ್ನ ಮಕ್ಕೊಂಡಿದ್ರ ಮುಗೀತಿತ್ತಲ್ಲವ್ವ. ಯಾಕ ಎದ್ದು ಬಂದಿ?"

"ಒಂದೂರಾಗ," ಎಂದಳು ಅಜ್ಜಿ, ಹಲ್ಲು ಕಚ್ಚಿ. ಆಮೇಲೆ ನನಗೆ ಬಚ್ಚಲು ತೋರಿಸಿದಳು. ತಲೆಗೆ ನೀರು ಹಾಕು ಎಂಬ ಸನ್ನೆ.

"ಬೆಳಿಗ್ಗೆ ತಾನೇ ಹಾಕಿದ್ದೀನಿ ಅಜ್ಜಿ."

ಕೇಳಲಿಲ್ಲ. ಸ್ನಾನ ಮಾಡಿಸಿದೆ. ಮುಸ್ಸಂಜೆಯಲ್ಲಿ ಮತ್ತೊಮ್ಮೆ ಪೂಜೆಗೆ ಕೂತಳು. ಅಲ್ಲಿಯವರೆಗೂ ತೊಟ್ಟು ನೀರು ಮುಟ್ಟಿರಲಿಲ್ಲವಂತೆ. "ಬೆಳಿಗ್ಗೆ ಯಾವುದು ಸಂಜೆ ಯಾವುದು ಅನ್ನೋದೂ ಗೊತ್ತಾಗ್ತಿಲ್ಲ ಪಾಪ," ಎಂದು ಅಪ್ಪ ಪಿಸುಗುಟ್ಟಿದ. ನನಗೂ ಹಾಗೇ ಅನಿಸಿತು.

ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿದ್ದರು. 'ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳು ಅನುಸರಿಸತಕ್ಕ ಸೂಚನೆಗಳು', ಎರಡೂ ಬದಿ, ಇರುವೆ ಸಾಲಿನಂಥ ಅಕ್ಷರ. ಅಪ್ಪ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ, ಅಜ್ಜಿಗೆ ಕಿವಿ ಕೇಳುವುದಿಲ್ಲವೇನೋ ಎನ್ನುವಂತೆ. 'ಸ್ಥಳೀಯ ಅರಿವಳಿಕೆ' ಎಂಬಲ್ಲಿಗೆ ಬರುವಷ್ಟರಲ್ಲಿ ಅಜ್ಜಿ ಗೋಡೆಯ ಕಡೆ ಹೊರಳಿದ್ದಳು.

"ನೋಡಿದ್ಯಾ, ತಲೆಗೆ ಹೋಗಲ್ಲ," ಎಂದ ಅಪ್ಪ.

"ನನ್ನ ತಲೆಗೂ ಹೋಗಲಿಲ್ಲಪ್ಪ," ಎಂದೆ ನಾನು.

ನಾನು ಕೆಲಸ ಮಾಡುವುದು ಅಂಜಿನಯ್ಯನವರ ಡಿಟಿಪಿ ಅಂಗಡಿಯಲ್ಲಿ. ಮದುವೆ ಕಾರ್ಡು, ಗೃಹಪ್ರವೇಶ, ಕೈಲಾಸ ಸಮಾರಾಧನೆ, ಎಲ್ಲವನ್ನೂ ಒಪ್ಪವಾಗಿ ಜೋಡಿಸುವುದು ನನ್ನ ಕಸುಬು. ಈ ಹಾಳೆಯನ್ನು ಅಜ್ಜಿಗಾಗಿ ಚೆಂದ ಮಾಡಿಬಿಡುತ್ತೇನೆ ಎಂದುಕೊಂಡೆ. ದೊಡ್ಡ ಅಕ್ಷರ ಹಾಕಿದೆ, ಕಷ್ಟದ ಪದ ತೆಗೆದೆ, ಸುತ್ತ ಬಳ್ಳಿಯ ಅಂಚು ಕೊಟ್ಟೆ, ಮೂಲೆಗೊಂದು ಗಿಳಿ. ಅಜ್ಜಿಯ ಕಥೆಗಳಲ್ಲಿ ಗಿಳಿಗಳು ಬಹಳ.

ಅಂಜಿನಯ್ಯ ಕನ್ನಡಕ ಏರಿಸಿ ನೋಡಿದರು. "ಭರ್ಜರಿಯಾಗಿದೆ ಕಣಮ್ಮ. ಮುಹೂರ್ತ ಯಾವತ್ತು, ಗಂಡಿನ ಕಡೆಯವರು ಯಾರು ಅಂತ ಮಾತ್ರ ಬಿಟ್ಟೋಗಿದೆ."

"ಸಾರ್, ಇದು ಕಣ್ಣಿನ ಆಪರೇಷನ್ನು."

"ಅದೇ ಹೇಳಿದ್ದು. ಅಂಚು ನೋಡ್ತಾ ಕೂತರೆ ಆಪರೇಷನ್ ಕಾಣಲ್ಲ."

ಅಜ್ಜಿಯೂ ಅದನ್ನೇ ಮಾಡಿದಳು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಗಿಳಿಯನ್ನು ಸವರಿ ನಕ್ಕಳು. ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಅಷ್ಟೇ.

ಶನಿವಾರ ಸ್ಪೀಚ್ ಥೆರಪಿಯ ಸೀತಾ ಮೇಡಂ ಮನೆಗೆ ಬಂದರು. ನಾನು ಎಲ್ಲವನ್ನೂ ಹೇಳಿ ಆ ಹಾಳೆ ತೋರಿಸಿದೆ. ಅವರು ಗಿಳಿಯನ್ನು ಹೊಗಳಲಿಲ್ಲ.

"ಅಜ್ಜಿಗೆ ಬುದ್ಧಿ ಎಲ್ಲೂ ಹೋಗಿಲ್ಲ ಹೇಮಶ್ರೀ. ಮಾತು ಬಂದು ಹೋಗೋ ದಾರಿ ಕೆಟ್ಟಿದೆ, ಅಷ್ಟೇ. ರಸ್ತೆ ಅಗೆದು ಹಾಕಿದಾಗ ಲಾರಿ ಹೋಗಲ್ಲ, ಸೈಕಲ್ ಹೋಗುತ್ತೆ ತಾನೇ? ನೀವು ಲಾರಿಗೆ ಹೂವಿನ ಹಾರ ಹಾಕಿ ಕಳಿಸಿದೀರ."

"ಹಾಗಾದ್ರೆ ಏನ್ಮಾಡ್ಲಿ ಮೇಡಂ?"

"ಒಂದು ಹಾಳೆಗೆ ಒಂದೇ ವಿಷಯ. ಒಂದು ಚಿತ್ರ, ಒಂದೋ ಎರಡೋ ಪದ. ದಪ್ಪ ಕಪ್ಪು ಮಾರ್ಕರ್ ತಗೊಳ್ಳಿ, ಅವರಿಗೆ ಕಣ್ಣೂ ಮಂಜು. ತೋರಿಸಿ, ಹೇಳಿ, ಕಾಯಿರಿ. ನಾವು ಯಾರೂ ಕಾಯಲ್ಲ, ಅದೇ ತೊಂದರೆ." ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಸೇರಿಸಿದರು: "ತಲೆಯಾಡಿಸಿದ್ರು ಅಂತ ಎಲ್ಲ ತಿಳೀತು ಅಂದ್ಕೋಬೇಡಿ. ಪೆನ್ನು ಅವರ ಕೈಗೂ ಕೊಡಿ."

ಅಪ್ಪನ ಅಂಗಡಿಗೆ ಪಾತ್ರೆ ಕಂಪನಿಗಳು ಕೊಡುವ ದೊಡ್ಡ ಕ್ಯಾಲೆಂಡರುಗಳು ಅಟ್ಟದ ಮೇಲೆ ರಾಶಿ ಬಿದ್ದಿದ್ದವು. ಹಾಳೆ ಹರಿದು ಬಿಳಿಯ ಬೆನ್ನು ಮೇಲೆ ಮಾಡಿದೆ. ಆಟೋ ಬರೆದೆ. ಆಸ್ಪತ್ರೆ ಬರೆದೆ. ಕಣ್ಣಿಗೆ ಹನಿ ಬೀಳುವುದನ್ನು, ಅಜ್ಜಿ ಮಂಚದಲ್ಲಿ ಮಲಗಿರುವುದನ್ನು, ಮುಖದ ಮೇಲೆ ಬಟ್ಟೆ, ಡಾಕ್ಟರಮ್ಮ, ಕಣ್ಣಿಗೆ ಪಟ್ಟಿ, ಮತ್ತೆ ಆಟೋ, ಮನೆ. ಕೊನೆಯ ಹಾಳೆಯಲ್ಲಿ ಅಜ್ಜಿ ನನ್ನ ಮುಖ ನೋಡಿ ನಗುತ್ತಿದ್ದಳು. ಅಜ್ಜಿಯನ್ನು ಬಹಳ ಪ್ರೀತಿಯಿಂದ ಬರೆದಿದ್ದೆ: ಮೂಗುಬೊಟ್ಟು, ಹಣೆಯ ವಿಭೂತಿ, ಕೈತುಂಬ ಬಳೆ, ಗಲ್ಲದ ಮೇಲಿನ ಮಚ್ಚೆ ಕೂಡ.

ಭಾನುವಾರ ಪೂಜೆ, ತಿಂಡಿ ಮುಗಿದ ಮೇಲೆ ಅಜ್ಜಿಯ ಪಕ್ಕ ಕೂತೆ. ಮೊದಲ ಹಾಳೆ ಎತ್ತಿ ಹಿಡಿದೆ.

"ಒಂದೂರಾಗ," ಎಂದೆ ನಾನು, "ಶಿವಗಂಗಮ್ಮ ಅಂತ ಒಬ್ಬಳು ಅಜ್ಜಿ."

ಅಜ್ಜಿಯ ಹುಬ್ಬು ಮೇಲೇರಿತು. ನನ್ನನ್ನು, ಹಾಳೆಯನ್ನು, ಮತ್ತೆ ನನ್ನನ್ನು ನೋಡಿದಳು. ತುಟಿಯ ಎಡತುದಿ ಸಡಿಲಾಯಿತು.

"ಹೂಂ," ಎಂದಳು.

"ಅಜ್ಜಿ ಆಟೋ ಹತ್ತಿದಳು."

"ಹೂಂ."

"ಆಸ್ಪತ್ರೆ ಬಂತು. ಕಣ್ಣಿಗೆ ಹನಿ ಹಾಕಿದರು."

ಇಲ್ಲಿ ತಡವಾಯಿತು. ಒಂದೇ ಉಸಿರಿಗೆ ಎರಡು ಹೇಳಿದ್ದೆ. ಹಾಳೆ ಹಿಂದಕ್ಕೆ ತಂದು ಒಂದೊಂದಾಗಿ ಹೇಳಿ ಕಾದೆ. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು, ಪಕ್ಕದ ಮನೆಯ ಕುಕ್ಕರು ಕೂಗಿತು. ಹೂಂ ಬಂತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಅಂಗಡಿಯ ಬೀಗದ ಕೈ ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದು ನೆಲದ ಮೇಲೆ ಕೂತ.

"ಅಜ್ಜಿ ಮಂಚದಲ್ಲಿ ಮಲಗಿದಳು."

ಹೂಂ ಬರಲಿಲ್ಲ.

ಕಾದೆ. ಮತ್ತೆ ಹೇಳಿದೆ. ಅಜ್ಜಿ ಚಿತ್ರವನ್ನೇ ನೋಡುತ್ತಿದ್ದಳು. ಎಡಗೈಯಿಂದ ಹಾಳೆಯನ್ನು ದೂರ ತಳ್ಳಿದಳು. "ಬೇಡ."

"ನೋವಾಗುತ್ತೆ ಅಂತನಾ ಅಜ್ಜಿ?" ಮುಖ ಸಿಂಡರಿಸಿ ತೋರಿಸಿದೆ. ಅಜ್ಜಿ ಕೈಯಾಡಿಸಿದಳು, ಅದಲ್ಲ. ಕತ್ತಲೆಯಾ? ಅದಲ್ಲ. ಸೂಜಿ ಬರೆದು ತೋರಿಸಿದೆ. ಇಂಥ ಸೂಜಿ ಎಷ್ಟೋ ನೋಡಿದ್ದೇನೆ ಎಂಬ ಮುಖ ಮಾಡಿದಳು. "ಒಂದೂರಾಗ, ಒಂದೂರಾಗ," ಎಂದು ತೊಡೆ ತಟ್ಟಿಕೊಂಡಳು.

"ಸಾಕು ಬಿಡೇ, ಯಾಕೆ ಗೋಳು ಹೊಯ್ಕೊಳ್ತೀಯ," ಎಂದ ಅಪ್ಪ.

ಸೀತಾ ಮೇಡಂ ಹೇಳಿದ್ದು ನೆನಪಾಗಿ ಮಾರ್ಕರನ್ನು ಅಜ್ಜಿಯ ಎಡಗೈಗೆ ಕೊಟ್ಟೆ.

ಅವಳು ಬಹಳ ಹೊತ್ತು ಹಾಗೇ ಹಿಡಿದಿದ್ದಳು, ರೊಟ್ಟಿ ಬಡಿದ ಕೈಗೆ ಪೆನ್ನು ಇಷ್ಟೊಂದು ಹಗುರವೇ ಎಂಬಂತೆ. ಆಮೇಲೆ ಬಗ್ಗಿ, ಮಲಗಿದ್ದ ಚಿತ್ರದ ಅಜ್ಜಿಯ ಎದೆಯ ಮೇಲೆ ಒಂದು ಸೊಟ್ಟ ಗುಂಡು ಬರೆದಳು. ಒತ್ತಿ ಒತ್ತಿ ಕಪ್ಪು ತುಂಬಿದಳು.

ಅಪ್ಪ ದಿಗ್ಗನೆ ಎದ್ದ. "ಎದೆನೋವು! ಅವ್ವಾ, ಎದಿ ನೋಯ್ತೈತೇನವ್ವ? ಹೇಮಾ, ಆಟೋ ಕರಿ!" ನಾನೂ ಎದ್ದೆ. ಚಪ್ಪಲಿಗೆ ಕಾಲು ಹಾಕುವಷ್ಟರಲ್ಲಿ ಹಿಂದಿನಿಂದ ಚಟೀರ್ ಎಂಬ ಸದ್ದು. ಅಜ್ಜಿ ಹಣೆ ಬಡಿದುಕೊಂಡಿದ್ದಳು. ಎಂಥ ದಡ್ಡರನ್ನು ಸಾಕಿ ಬೆಳೆಸಿದೆ ಎಂಬ ಬಡಿತ.

ಅವಳು ಸೆರಗು ಸರಿಸಿ ಕುಪ್ಪಸದೊಳಗಿಂದ ಶಿವದಾರ ಎಳೆದಳು. ಬೆಳ್ಳಿಯ ಕರಡಿಗೆ ಹೊರಗೆ ಬಂತು, ಇಷ್ಟಲಿಂಗ ಇರುವ ಆ ಪುಟ್ಟ ಡಬ್ಬಿ. ಅದನ್ನು ಹಾಳೆಯ ಮೇಲಿನ ಕಪ್ಪು ಗುಂಡಿನ ಮೇಲೆ ಇಟ್ಟಳು. ಆಮೇಲೆ ಕೊರಳಿಂದ ಏನನ್ನೋ ಕಿತ್ತು ದೂರ ಎಸೆಯುವಂತೆ ಮಾಡಿ, ನಮ್ಮಿಬ್ಬರನ್ನೂ ನೋಡಿದಳು.

ಅಪ್ಪ ಮೆಲ್ಲಗೆ ಕೂತ. "ಕವರು," ಎಂದ.

"ಯಾವ ಕವರು?"

"ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ಆಯಾ ಒಂದು ಪ್ಲಾಸ್ಟಿಕ್ ಕವರ್ ತಂದು ಕೊಟ್ಲು, ಗಂಟು ಹಾಕಿ. ಬಳೆ ಸರ ಇರಬೇಕು ಅಂತ ಜೇಬಿಗೆ ಹಾಕ್ಕೊಂಡೆ. ಆಟೋದಲ್ಲಿ ಕೊಟ್ರೆ ಅವ್ವ ಹಲ್ಲಲ್ಲಿ ಗಂಟು ಬಿಚ್ಚಿದ್ಲು."

ಲಿಂಗಧಾರಣೆಯಾದ ದಿನದಿಂದ ಅಜ್ಜಿ ಅದನ್ನು ಮೈಯಿಂದ ಬಿಟ್ಟವಳಲ್ಲ. ಹೆರಿಗೆಯಲ್ಲೂ ಬಿಟ್ಟಿರಲಿಲ್ಲ ಎಂದು ಅವಳೇ ಹಿಂದೆ ಹೇಳಿದ್ದಳು. ಅದು ಮೈ ಬಿಟ್ಟರೆ ಮತ್ತೆ ಮಿಂದು ಪೂಜಿಸಿ ಕಟ್ಟಿಕೊಳ್ಳುವವರೆಗೆ ನೀರೂ ಮುಟ್ಟಬಾರದು. ಬಳೆಗಳ ಜೊತೆ ಅದನ್ನೂ ಬಿಚ್ಚಿದ ಮೇಲೆ ಅವಳು ಹೇಗೆ ಮಲಗಿರುತ್ತಾಳೆ? ಸಂಜೆಯ ಸ್ನಾನ, ಎರಡನೇ ಪೂಜೆ, ಬಾಯಿಗೆ ನೀರು ಮುಟ್ಟಿಸದೆ ಕೂತದ್ದು, ಎಲ್ಲವೂ ಈಗ ಒಂದರ ಪಕ್ಕ ಒಂದು ಬಂದು ಕೂತವು. ಅಪ್ಪನ ಲಿಂಗ ದೇವರ ಗೂಡಿನಲ್ಲಿದ್ದು ಹಬ್ಬಕ್ಕೆ ಹೊರಬರುತ್ತದೆ, ನನ್ನದೂ ಹಾಗೇ. ನಮಗೆ ಹೊಳೆಯದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನಾನು ಮಚ್ಚೆಯನ್ನೂ ಮರೆಯದೆ ಬರೆದವಳು. ದಿನವೂ ಅವಳ ಕುಪ್ಪಸದ ಗುಂಡಿ ಹಾಕುವವಳು. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸ ತನ್ನ ಜೀವ ಬಚ್ಚಿಟ್ಟ ಕಥೆಯನ್ನು ಅವಳ ಬಾಯಲ್ಲೇ ಕೇಳಿ ಬೆಳೆದವಳು.

"ತಪ್ಪು ಬರೆದೆ ಅಜ್ಜಿ," ಎಂದೆ.

"ಹೂಂ," ಎಂದಳು ಅಜ್ಜಿ, ಸ್ವಲ್ಪ ಜೋರಾಗಿಯೇ.

ಸೋಮವಾರ ಅಂಜಿನಯ್ಯನವರನ್ನು ಕಾಡಿ ಅರ್ಧ ದಿನ ರಜೆ ಪಡೆದು, ಹಾಳೆಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಆಯಾ ಪಟಾಲಮ್ಮ ನಾನು ಪೂರ್ತಿ ಹೇಳುವ ಮೊದಲೇ ಸೊಂಟಕ್ಕೆ ಕೈ ಇಟ್ಟರು.

"ನಾನೇ ಬಿಚ್ಚಿದ್ದು, ಇಲ್ಲ ಅನ್ನಲ್ಲ. ರೂಲ್ಸು ಕಣಮ್ಮ. ಮೈಮೇಲೆ ಏನೂ ಇರಬಾರದು. ಇರೋದನ್ನ ಬಿಡ್ತೀವಿ, ಆಮೇಲೆ ಸರ ಕಾಣಿಸ್ತಿಲ್ಲ ಅಂತ ನನ್ನ ಕುತ್ತಿಗೆಗೇ ಬರ್ತಾರೆ. ನಿಮ್ಮಜ್ಜಿ ಒಂದು ಮಾತು ಹೇಳಿದ್ರೆ..." ಅಲ್ಲಿಗೆ ಅವರೇ ನಾಲಿಗೆ ಕಚ್ಚಿಕೊಂಡರು. "ಪಾಪ, ಏನೋ ಒಂದೂರು ಒಂದೂರು ಅಂತಿದ್ರು. ಊರಿಗೆ ಹೋಗ್ಬೇಕು ಅಂತಾರೇನೋ ಅಂದ್ಕೊಂಡೆ."

ಡಾಕ್ಟರಮ್ಮ ಎರಡು ಪೇಷಂಟುಗಳ ನಡುವೆ ನನ್ನನ್ನು ಒಳಗೆ ಕರೆದರು. ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಕಪ್ಪು ಗುಂಡು ಬಂದಾಗ ನಿಂತರು.

"ಇದು ಯಾರು ಬರೆದದ್ದು?"

"ಅಜ್ಜಿನೇ ಡಾಕ್ಟರ್. ಆವತ್ತು ಬಿಚ್ಚಿಸಿದ್ರಲ್ಲ, ಆ ಲಿಂಗ."

ಅವರು ಆ ಗುಂಡಿನ ಮೇಲೆ ಬೆರಳಿಟ್ಟರು. "ಆವತ್ತು ನಾನು ಕೇಳಬೇಕಿತ್ತು. ಬೇಡ ಅಂದಿದ್ದು ಆಪರೇಷನ್‌ಗೆ ಅಂತ ತಿಳ್ಕೊಂಡೆ." ಆಮೇಲೆ ಡಾಕ್ಟರ ದನಿಗೆ ಮರಳಿದರು. "ಕೊರಳಲ್ಲಿ ಆಗಲ್ಲ, ಬಟ್ಟೆ ಹೊದಿಸ್ತೀವಿ. ಕೈಯಲ್ಲಿ ಇಟ್ಕೊಂಡ್ರೆ? ಕ್ಲೀನ್ ಬಟ್ಟೆಯಲ್ಲಿ ಸುತ್ತಿ ಕೈಗೆ ಕಟ್ಟೋಣ. ಆದರೆ ಕೈ ಮೇಲೆ ಬರಬಾರದು."

"ದಿನಾ ಪೂಜೆಯಲ್ಲಿ ಅದನ್ನ ಎಡಗೈ ಮೇಲೆ ಇಟ್ಕೊಂಡು ಅಲುಗಾಡದೆ ಕೂರ್ತಾಳೆ ಡಾಕ್ಟರ್," ಎಂದೆ.

"ಹಾಗಿದ್ರೆ ನನಗಿಂತ ಅವರಿಗೇ ಅಭ್ಯಾಸ ಜಾಸ್ತಿ. ಇನ್ನೊಂದು ವಿಷಯ. ಮಲಗಿರುವಾಗ ಮಾತಾಡಬಾರದು, ಹೂಂ ಅಂತಲೂ ಅನ್ನಬಾರದು. ತಲೆ ಅಲುಗುತ್ತೆ."

ಅಲ್ಲೇ ಪಟಾಲಮ್ಮನ ಮೇಜಿನ ಮೇಲೆ ಹೊಸ ಹಾಳೆ ಬರೆದೆ. ಮಲಗಿದ ಅಜ್ಜಿ, ಎಡಗೈ, ಕೈಯೊಳಗೆ ಕಪ್ಪು ಗುಂಡು. ಕೆಳಗೆ ಎರಡು ಪದ: 'ಲಿಂಗ ಕೈಯಲ್ಲಿ'. ಪಟಾಲಮ್ಮ ಬಗ್ಗಿ ನೋಡುತ್ತಾ, "ಕಟ್ಟೋಳು ನಾನಲ್ವಾ, ನನ್ನೂ ಬರಿ," ಎಂದರು. ಬರೆದೆ. "ಇಷ್ಟು ದಪ್ಪ ಇದೀನಾ?" ಎಂದರು. ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ಒಂದು ಸೆಟ್ ಕೊಡು ಎಂದೂ ಕೇಳಿದರು. ವಾರ್ಡಿನಲ್ಲಿ ಕಿವಿ ಕೇಳದ ತಾತ ಒಬ್ಬರಿದ್ದರಂತೆ, ಅವರಿಗೆ ಕೂಗಿ ಕೂಗಿ ಗಂಟಲು ಹೋಗಿತ್ತಂತೆ. ಆ ಸೆಟ್‌ಗೆ ಅಜ್ಜಿಯ ಬದಲು ಮೀಸೆಯ ತಾತನನ್ನು ಬರೆದುಕೊಟ್ಟೆ.

ಮನೆಯಲ್ಲಿ ಹೊಸ ಹಾಳೆಯನ್ನು ಅಜ್ಜಿಗೆ ತೋರಿಸಿದೆ. ಅವಳು ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ತಾನಾಗಿಯೇ ಮಂಚದ ಮೇಲೆ ಅಂಗಾತ ಮಲಗಿದಳು. ಕಣ್ಣು ತೋರಿಸಿದಳು: ಬಟ್ಟೆ ಹಾಕು. ನಾನು ಟವೆಲು ಹೊದಿಸಿದೆ. ಹೂಂ ಅನ್ನುವ ಹಾಗಿಲ್ಲ ಎಂದು ಟವೆಲಿನಡಿ ಅವಳ ತುಟಿಗೆ ಬೆರಳು ಮುಟ್ಟಿಸಿ, ಕುದುರೆ ಹತ್ತಿದ ರಾಜಕುಮಾರನ ಕಥೆ ಶುರುಮಾಡಿದೆ, ನಾನು ನಿದ್ದೆಹೋಗಿ ಕಾಡಿನಲ್ಲಿ ನಿಲ್ಲಿಸಿಬಿಟ್ಟಿದ್ದವನದು. ಮುಂದೇನಾಯಿತು ಎಂದು ನನಗೆ ತಿಳಿಯದು, ಬಾಯಿಗೆ ಬಂದಂತೆ ಕಟ್ಟಿದೆ. ಅಜ್ಜಿ ಕಲ್ಲಿನಂತೆ ಮಲಗಿದ್ದಳು. ಒಂದೊಂದು ಸಾಲಿಗೂ ಅಂಗೈಯ ಬೆರಳುಗಳು ಮಾತ್ರ ಲಿಂಗದ ಸುತ್ತ ಮೆತ್ತಗೆ ಮುಚ್ಚಿ ತೆರೆಯುತ್ತಿದ್ದವು. ಅದೇ ಹೂಂ. ನಾನು ರಾಜಕುಮಾರನನ್ನು ತಪ್ಪು ದಾರಿಗೆ ತಿರುಗಿಸಿದಾಗ ಬೆರಳು ನಿಂತವು. ಸರಿಮಾಡಿದೆ.

ಊಟಕ್ಕೆ ಬಂದಿದ್ದ ಅಪ್ಪ ಅಂಗಡಿಗೆ ಮರಳುವುದನ್ನು ಮರೆತು ಬಾಗಿಲಿಗೊರಗಿ ನಿಂತಿದ್ದ. ಆಪರೇಷನ್‌ಗೆ ಒಪ್ಪಿಗೆಯೆಂದು ಸಹಿ ಹಾಕಬೇಕಾದ ಕಾಗದವನ್ನು ಆ ಸಂಜೆ ಅವನೇ ಅಜ್ಜಿಯ ಮುಂದೆ ತಂದಿಟ್ಟ. ಈ ಸಲ ಓದಲಿಲ್ಲ. ಕ್ಯಾಲೆಂಡರ್ ಹಾಳೆಗಳನ್ನು ಪಕ್ಕದಲ್ಲಿ ಹರಡಿ, "ಇದಕ್ಕ ಇದು, ಅವ್ವ," ಎಂದಷ್ಟೇ ಹೇಳಿ ಕಾದ. ಅಜ್ಜಿ ಎಡಗೈಯಿಂದ ಒಂದು ಗುಂಡು ಬರೆದು ಕಪ್ಪು ತುಂಬಿದಳು. ಆಸ್ಪತ್ರೆಯವರು ಅದನ್ನೇ ಸಹಿಯೆಂದು ಒಪ್ಪಿಕೊಂಡರು, ಪಕ್ಕದಲ್ಲಿ ಅಪ್ಪನ ಸಾಕ್ಷಿ.

ಗುರುವಾರ ನಾನು ಹೊರಗಿನ ಬೆಂಚಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದೆ. ಕೂಗು ಕೇಳಿಸಲಿಲ್ಲ. ಕೊನೆಗೆ ಪಟಾಲಮ್ಮ ಹೊರಗೆ ಬಂದರು. "ಏನು ಹೆಂಗಸಪ್ಪ! ಒಂದು ಕೂದಲು ಅಲ್ಲಾಡಿಸಲಿಲ್ಲ. ಡಾಕ್ಟರೇ ನಡುವೆ ಅಜ್ಜಿ ಮಲಗಿಬಿಟ್ರಾ ಅಂತ ನನ್ನ ಕೇಳಿದ್ರು. ಕೈ ನೋಡ್ದೆ, ಬೆರಳು ಆಡಿಸ್ತಾ ಇದ್ರು."

ಮರುದಿನ ಪಟ್ಟಿ ಬಿಚ್ಚಿದರು. ಅಜ್ಜಿ ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ಮೊದಲು ಎಡ ಅಂಗೈಯಲ್ಲಿದ್ದ ಲಿಂಗವನ್ನು ನೋಡಿದಳು. ಈ ಸಲ ಅದನ್ನು ಮೂಗಿನವರೆಗೆ ತರಲಿಲ್ಲ. ಅರ್ಧ ಮೊಳ ದೂರದಲ್ಲೇ ಕೈ ನಿಂತಿತು. ಬಹಳ ಹೊತ್ತು ನಿಂತಿತ್ತು. ಆಮೇಲೆ ನನ್ನ ಮುಖ ನೋಡಿದಳು. ನಾನು ಕೊನೆಯ ಹಾಳೆಯಲ್ಲಿ ಬರೆದಂತೆ ಅವಳು ನಗಲಿಲ್ಲ. ನನ್ನ ಗಲ್ಲ ಹಿಡಿದು ತಿರುಗಿಸಿ, ಎಷ್ಟು ಸೊರಗಿದ್ದೀಯ ಎಂಬಂತೆ ಲೊಚಗುಟ್ಟಿದಳು.

ಮಾತು ಮರಳಲಿಲ್ಲ. ಮರಳಬಹುದು, ಒಂದಿಷ್ಟು, ನಿಧಾನವಾಗಿ, ಎನ್ನುತ್ತಾರೆ ಸೀತಾ ಮೇಡಂ. ಅಂಜಿನಯ್ಯ ಅಂಗಡಿಯ ಮೂಲೆಯ ಒಂದು ಮೇಜನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಮೇಡಂ ಕಳಿಸುವವರ ಬ್ಯಾಂಕಿನ ಕಾಗದ, ಮಾತ್ರೆಯ ಚೀಟಿ, ಬಸ್ಸಿನ ದಾರಿ, ಎಲ್ಲವನ್ನೂ ಒಂದು ಹಾಳೆಗೆ ಒಂದು ವಿಷಯದಂತೆ ಬರೆಯುತ್ತೇನೆ. ಅಂಚು ಹಾಕುವುದಿಲ್ಲ. ಪ್ರತಿ ಹಾಳೆಯಲ್ಲೂ ಸ್ವಲ್ಪ ಜಾಗ ಖಾಲಿ ಬಿಡುತ್ತೇನೆ, ಜೊತೆಗೊಂದು ಮಾರ್ಕರು ಕೊಡುತ್ತೇನೆ.

ಮೊನ್ನೆ ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಗಿರಿಜಾದೇವಿ ಆಂಟಿ ಅಜ್ಜಿಯ ಮಂಚದ ಮೇಲೆ ಕೂತಿದ್ದರು. ಅವರಿಗೂ ಪೊರೆ, ಅವರಿಗೂ ಭಯ. ಅಜ್ಜಿ ಕ್ಯಾಲೆಂಡರ್ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮೊದಲನೆಯದನ್ನು ಎತ್ತಿ ಹಿಡಿದಳು.

"ಒಂದೂರಾಗ," ಎಂದಳು. ಬೆರಳಿಂದ ಆಟೋ ತೋರಿಸಿದಳು.

ಆಂಟಿ ಸುಮ್ಮನೆ ನೋಡುತ್ತಿದ್ದರು. ಅಜ್ಜಿಯೂ ಹಾಳೆ ತಿರುಗಿಸದೆ ಅವರ ಮುಖವನ್ನೇ ನೋಡುತ್ತಾ ಕೂತಳು.

"ಹೂಂ ಅನ್ನಿ ಆಂಟಿ," ಎಂದೆ ನಾನು ಚಪ್ಪಲಿ ಬಿಡುತ್ತಾ. "ಇಲ್ದಿದ್ರೆ ಆಟೋ ಅಲ್ಲೇ ನಿಲ್ಲುತ್ತೆ."